ಬಂದೂಕಿಲ್ಲದ ಬಂದೂಕು ಮೇಷ್ಟ್ರು

ನೆಲಮಂಗಲಕ್ಕೆ ಅಂಟಿಕೊಂಡಂತೆ ತುಮಕೂರು ಹೆದ್ದಾರಿಯ ಮಗ್ಗುಲಲ್ಲಿರುವ ಅರಿಶಿನಕುಂಟೆಯಲ್ಲಿ, ಊರಿಗೆ ಹೆಸರು ತಂದ ಕುಂಟೆ ಎಲ್ಲಿದೆಯೆಂದು ವಿಚಾರಿಸಿದರೆ ಮೂವರು ಮೂರು ದಿಕ್ಕಿಗೆ ಕೈ ತೋರಿಸುವರಾದರೂ, ಬಂದೂಕು ಮೇಷ್ಟ್ರ ಮನೆ ಯಾವುದೆಂದು ಕೇಳಿದರೆ ಮಾತ್ರ ಮೂವರ ಬೆರಳೂ ಒಂದೇ ಕಡೆಗೆ ಚಾಚುತ್ತದೆ. ಈ ಬಿರುದನ್ನು ಕೇಳಿದ ಹೊಸಬರ ಎದೆ ಕ್ಷಣಕಾಲ ಝಲ್ಲೆನ್ನುವುದು ಸಹಜ. ಆದರೆ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಚರಿತ್ರೆಯನ್ನು ಬೋಧಿಸಿ ನಿವೃತ್ತರಾದ ಈ ಮಹನೀಯರ ಗೃಹದಲ್ಲಿ ಬಂದೂಕೆಂಬ ಪದಾರ್ಥ ಎಂದೂ ಇದ್ದದ್ದಿಲ್ಲ. ಈಳಿಗೆಮಣೆಯೊಂದನ್ನುಳಿದು ಬೇರೆ ಆಯುಧವೂ ಅಲ್ಲಿಲ್ಲ. ಅದರ ಸರ್ವಾಧಿಕಾರವಂತೂ ಅವರ ಪತ್ನಿಯದು.

ಈ ಬಿರುದಿಗೆ ಕಾರಣವಾದ ಬಂದೂಕಿನ ವ್ಯಾಮೋಹದ ಮೂಲವಿರುವುದು ಕಾಲೇಜಿನ ಎನ್‌ಸಿಸಿ ಕವಾಯತಿನಲ್ಲಿ. ಅಂದು ಅವರ ಹೆಗಲೇರಿದ್ದು ಸುಮಾರು 4 ಕಿಲೋ ತೂಕದ ‘ತ್ರೀ ನಾಟ್ ತ್ರೀ’ (.303) ರೈಫಲ್ಲು. ಅದೂ ಗುಂಡು ಹಾರದಂತೆ ಕೆಡಿಸಿ, ‘ಡಿಪಿ’ ಎಂದು ಮುದ್ರೆಯೊತ್ತಿ, ಕವಾಯತಿಗಲ್ಲದೆ ಇನ್ನಾವುದಕ್ಕೂ ಒದಗದಂತೆ ಮಾಡಿದ್ದು. ಗುಂಡು ಹಾರದ ಆ ಬಂದೂಕು ಹದಿನೆಂಟರ ತರುಣನೊಬ್ಬನ ಎದೆಯನ್ನು ಹೊಕ್ಕಿತು. ಎಪ್ಪತ್ತು ದಾಟಿದರೂ ಅಲ್ಲಿಂದ ಹೊರಬಿದ್ದಿಲ್ಲ.

ಪ್ರೇಮಕ್ಕೆ ಅಡ್ಡಿಯಾದವರು ಹೆಣ್ಣಿನ ಕಡೆಯವರಲ್ಲ, ಸರ್ಕಾರದವರು. 1959ರ ಆಯುಧ ಕಾಯಿದೆಯ ಏರ್ಪಾಡಿನಲ್ಲಿ .303 ನಿಷಿದ್ಧ ವ್ಯಾಸದ ಬಂದೂಕು. ಪರವಾನಗಿ ಬೇಡುವ ಸಾಮಾನ್ಯ ಪ್ರಜೆಗೆ ಅದು ದೊರೆಯುವಂತಿಲ್ಲ. ದೊರೆಯಬಹುದಾದ ರೈಫಲ್ಲು .315. ಅದೂ .303 ತಯಾರಾಗುತ್ತಿದ್ದ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲೇ, ಹೆಚ್ಚುಕಡಮೆ ಅದೇ ಮೈಕಟ್ಟಿನಲ್ಲಿ ತಯಾರಾದದ್ದು. ಆದರೆ ಸೈನ್ಯದ ತೋಟಾ ಅದರ ಬಾಯಿಗೆ ಹಿಡಿಸಬಾರದೆಂದು ಆಸ್ಟ್ರಿಯಾ ದೇಶದ ಹಳೆಯ ಮಾನ್ಲಿಖರ್ ತೋಟಾದ ಅಳತೆಯನ್ನು ಅದಕ್ಕೆ ಕೊಟ್ಟಿದ್ದಾರೆ. ಮೇಷ್ಟ್ರು ಇದನ್ನು ಕ್ಷೌರದಂಗಡಿಯಲ್ಲಿ ವಿವರಿಸುತ್ತ, “ಅಕ್ಕನನ್ನು ಕೇಳಿದವನಿಗೆ ತಂಗಿಯನ್ನು ತೋರಿಸಿದ ಹಾಗಾಯಿತು ಕಣಯ್ಯ” ಎಂದು ನಿಟ್ಟುಸಿರು ಬಿಡುವಾಗ, ಕ್ಷೌರಿಕನು ಕತ್ತಿಯನ್ನು ಕೆನ್ನೆಯಿಂದ ತುಸು ದೂರ ಹಿಡಿಯುತ್ತಾನೆ.

ತಂಗಿಯನ್ನಾದರೂ ವರಿಸೋಣವೆಂದು ಒಮ್ಮೆ ಕಚೇರಿಗೆ ಹೋಗಿ ವಿಚಾರಿಸಿದ್ದುಂಟು. ಅಲ್ಲಿಯ ಗುಮಾಸ್ತರು ಕಾರಣ ಕೇಳಿದರು. ಮೇಷ್ಟ್ರು “ಬೆಳೆ ರಕ್ಷಣೆ” ಎಂದರು. “ನಿಮ್ಮ ಕಡೆ ಬೆಳೆ ತಿನ್ನೋ ಪ್ರಾಣಿ ಯಾವುದು ಸಾರ್?” ಎಂಬ ಮುಂದಿನ ಪ್ರಶ್ನೆಗೆ, ಚರಿತ್ರೆಯ ಉಪಾಧ್ಯಾಯರಾದ ಕಾರಣ ಸುಳ್ಳು ಹೇಳಲಾರದೆ, “ಲೇಔಟು” ಎಂದುಬಿಟ್ಟರು. ರಾಗಿಯ ಹೊಲಗಳನ್ನು ಗೋದಾಮುಗಳೂ ನಿವೇಶನಗಳೂ ಮೇಯ್ದು ಮುಗಿಸಿದ್ದು ಸತ್ಯವೇ ಆದರೂ, ಆ ಮೃಗದ ಬೇಟೆಗೆ ಪರವಾನಗಿ ನೀಡುವ ಅಧಿಕಾರ ಯಾರಿಗೂ ಇರಲಿಲ್ಲ. ಅಂದಿನಿಂದ ಮೇಷ್ಟ್ರು ಬಂದೂಕಿನ ಆಸೆಯನ್ನು ಬಿಟ್ಟು ಬಂದೂಕಿನ ಜ್ಞಾನವನ್ನು ಹಿಡಿದರು. 2019ರ ತಿದ್ದುಪಡಿಯಿಂದ ಪ್ರಜೆಯೊಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿದಾಗ, ಒಂದೂ ಇಲ್ಲದ ನಮ್ಮ ಮೇಷ್ಟ್ರು ಸ್ವಂತದ್ದೊಂದನ್ನು ಕಳೆದುಕೊಂಡವರಂತೆ ಮೂರು ದಿನ ಮೌನವಾಗಿದ್ದರು. ಕೊಡಗಿನವರು ಕೈಲ್‌ಪೊಳ್ದು ಹಬ್ಬದಂದು ಕೋವಿಯ ನಳಿಗೆಗೆ ತೋಕ್‌ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವ ಚಿತ್ರ ಸೆಪ್ಟೆಂಬರಿನಲ್ಲಿ ಪತ್ರಿಕೆಗಳಲ್ಲಿ ಬಂದಾಗಲಂತೂ, ಆ ದಿನದ ಕಾಫಿ ಅವರಿಗೆ ಕಹಿ.

ಹೀಗಿರಲಾಗಿ ಕಳೆದ ವರ್ಷ ದಸರೆಗೆ ಮುಂಚೆ, ಅಮೆರಿಕದಲ್ಲಿರುವ ಅವರ ತಂಗಿಯ ಮಗನಿಂದ ಪತ್ರವೂ ನಾಲ್ಕು ಛಾಯಾಚಿತ್ರಗಳೂ ಬಂದವು. ‘ಮಾವ, ಇಲ್ಲಿಯ ಅಂಗಡಿಯಲ್ಲಿ ಇಶಾಪುರದ ಹಳೆಯ ಮಿಲಿಟರಿ ರೈಫಲ್ಲನ್ನು ಹೊಸದರಂತೆ ದುರಸ್ತಿ ಮಾಡಿ ಮಾರುತ್ತಿದ್ದಾರೆ. ಥಳಥಳ ಹೊಳೆಯುತ್ತಿದೆ. ನಮ್ಮ ದೇಶದ್ದಲ್ಲವೆ ಎಂದು ಆಸೆ. ಕೊಳ್ಳಬಹುದೆ?’ ಜನ್ಮದಲ್ಲಿ ಮೊದಲ ಬಾರಿಗೆ ಮೇಷ್ಟ್ರ ಪಾಂಡಿತ್ಯಕ್ಕೆ ಗಿರಾಕಿ ಬಂದಿದ್ದನು. ಅವರು ಭೂತಗನ್ನಡಿಯನ್ನು ಹಿಡಿದು ಆ ನಾಲ್ಕು ಚಿತ್ರಗಳ ಮೇಲೆ ಎರಡು ದಿನ ಬಾಗಿದರು. ಮೂರನೆಯ ದಿನ ನನ್ನನ್ನು ಕರೆಸಿ ಜಗಲಿಯ ಮೇಲೆ ಕೂರಿಸಿ ತೀರ್ಪನ್ನು ಓದತೊಡಗಿದರು.

“ನೋಡಿ, ದುರಸ್ತಿಯಲ್ಲಿ ಎರಡು ಜಾತಿ. ಸೈನ್ಯವೇ ತನ್ನ ಕಾರ್ಖಾನೆಯಲ್ಲಿ ಬಿಚ್ಚಿ, ಸವೆದದ್ದನ್ನು ಬದಲಿಸಿ, ‘ಎಫ್‌ಟಿಆರ್’ ಎಂದು ಮುದ್ರೆ ಹಾಕಿ ಮತ್ತೆ ಸಿಪಾಯಿಯ ಕೈಗೆ ಕೊಟ್ಟದ್ದು ಒಂದು. ಆ ದುರಸ್ತಿಯೂ ಬಂದೂಕಿನ ಚರಿತ್ರೆಯೇ. ಅದರಿಂದ ಸಂಗ್ರಾಹಕನಿಗೆ ನಷ್ಟವಿಲ್ಲ. ಸೈನ್ಯ ಮಾರಿಬಿಟ್ಟ ಮೇಲೆ ವರ್ತಕ ತನ್ನ ಲಾಭಕ್ಕೆ ಉಜ್ಜಿದ್ದು ಇನ್ನೊಂದು. ಉಪ್ಪುಕಾಗದ ಹಾಕಿ ಮರವನ್ನು ತಿಕ್ಕುತ್ತಾನೆ. ಮರದ ಮೇಲಿದ್ದ ಮುದ್ರೆಗಳು ಹೋಗುತ್ತವೆ, ಲೋಹಕ್ಕಿಂತ ಮರವೇ ತಗ್ಗಾಗುತ್ತದೆ. ಸಾಣೆಚಕ್ರಕ್ಕೆ ಹಿಡಿಯುತ್ತಾನೆ; ಅಕ್ಷರಗಳ ಅಂಚು ಕರಗಿದ ಬೆಲ್ಲದ ಹಾಗೆ ಮೊಂಡಾಗುತ್ತದೆ. ಅದರ ಮೇಲೆ ಹೊಸ ಕಪ್ಪು ಬಣ್ಣ!”

“ಆದರೆ ಗುಂಡು ಹಾರುತ್ತದಲ್ಲ ಮೇಷ್ಟ್ರೆ?”

“ಹಾರುತ್ತದೆ, ಯಾರು ಇಲ್ಲವೆಂದರು? ಗುರಿ ಅಭ್ಯಾಸಕ್ಕೆ ಬೇಕಾದವನು ಸುಖವಾಗಿ ಕೊಳ್ಳಲಿ. ಆದರೂ ಬೋಲ್ಟಿನ ಮೇಲಿನ ಸಂಖ್ಯೆ ಮೈಮೇಲಿನ ಸಂಖ್ಯೆಗೆ ಸರಿಹೊಂದುತ್ತದೆಯೆ ಎಂದು ನೋಡದೆ, ತಿಳಿದ ಕೆಲಸಗಾರನಿಂದ ತೋಟಾದ ಸಂದನ್ನು ಅಳೆಸದೆ ಹಾರಿಸಕೂಡದು. ಹತ್ತು ಬಂದೂಕಿನ ಅಂಗಾಂಗ ಕೂಡಿಸಿ ಹನ್ನೊಂದನೆಯದನ್ನು ಕಟ್ಟುವ ಮಹಾಶಯರೂ ಇದ್ದಾರೆ. 1962ರ ಚೀನಾ ಯುದ್ಧದ ನಂತರದ ವರ್ಷಗಳಲ್ಲಿ ನಮ್ಮವರು ಇಶಾಪುರದಲ್ಲಿ 7.62ರ ತೋಟಾಕ್ಕೆಂದು ಇದೇ ಮಾದರಿಯಲ್ಲಿ ರೈಫಲ್ಲು ಮಾಡಿದರಲ್ಲ, ಅದರ ನಳಿಗೆಯನ್ನು ಮೊಟಕು ಮಾಡಿ, ಮೂತಿಗೆ ಕೊಳವೆ ಸಿಕ್ಕಿಸಿ, ‘ಜಂಗಲ್ ಕಾರ್ಬೈನ್’ ಎಂದು ಹೆಸರಿಟ್ಟು ಅಮೆರಿಕದ ವರ್ತಕರು ಮಾರಿದರು. ಯಾವ ಸೈನ್ಯವೂ ಹೊರದ, ಯಾವ ಕಾಡನ್ನೂ ಕಾಣದ ಬಂದೂಕು!”

ಈ ಪ್ರವಚನವು ಇನ್ನೂ ಎಷ್ಟು ಹೊತ್ತು ಸಾಗುತ್ತಿತ್ತೋ, ಅಷ್ಟರಲ್ಲಿ ಒಳಗಿನಿಂದ ಅವರ ಪತ್ನಿ ಒಂದು ಹರಿವಾಣವನ್ನು ತಂದು ಜಗಲಿಯ ಮೇಲೆ ಒಣಗಲಿಟ್ಟರು. ಮಾರನೆಯ ದಿನ ಆಯುಧಪೂಜೆ. ದೀಪದ ಕಂಬ, ಪಂಚಪಾತ್ರೆ, ಉದ್ಧರಣೆ, ಗಂಟೆ ಇವೆಲ್ಲವೂ ಹುಣಸೆಹಣ್ಣಿನ ಸ್ನಾನ ಮುಗಿಸಿ ಬಂಗಾರದಂತೆ ಹೊಳೆಯುತ್ತಿದ್ದವು. ಅವುಗಳ ನಡುವೆ, ಹೆಬ್ಬೆರಳಿಗಿಂತ ತುಸು ಉದ್ದನೆಯ, ತಿರುಪಿನ ಮುಚ್ಚಳವುಳ್ಳ ಹಿತ್ತಾಳೆಯ ಬುಡ್ಡಿಯೊಂದು ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು.

ಮೇಷ್ಟ್ರ ಮುಖ ಬಿಳಿಚಿತು. ಅದು ಅವರ ಸಮಸ್ತ ಸಂಗ್ರಹ. ತ್ರೀ ನಾಟ್ ತ್ರೀಯ ಮರದ ಹಿಡಿಯ ಒಳಗೆ, ಹಿಂಬದಿಯ ಹಿತ್ತಾಳೆಯ ಬಾಗಿಲ ಹಿಂದೆ, ನಳಿಗೆ ಒರೆಸುವ ಹುರಿಯ ಜೊತೆಗೆ ಇರುತ್ತಿದ್ದ ಎಣ್ಣೆಬುಡ್ಡಿ. ಬೆಂಗಳೂರಿನ ಸಂಡೇ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯಿಂದ ಆರಿಸಿ ತಂದದ್ದು. ಎಷ್ಟು ಸಿಪಾಯಿಗಳ ಬೆರಳು ತಾಗಿ ಕಂದಿದ್ದಿತೋ, ಆ ಕಂದುಬಣ್ಣವನ್ನು ಅವರು ಮೂರು ವರ್ಷದಿಂದ ಉಸಿರು ಬಿಗಿಹಿಡಿದು ಕಾಪಾಡಿಕೊಂಡು ಬಂದಿದ್ದರು.

“ಏನೇ ಇದು! ಇದನ್ನೂ ತೊಳೆದುಬಿಟ್ಟೆಯಾ?”

“ನೀವೇ ತಾನೆ ಪೂಜೆಗೆ ಇಡಬೇಕು ಅಂದಿದ್ದು? ಕಿಲುಬು ಹಿಡಿದದ್ದನ್ನ ದೇವರ ಮುಂದೆ ಇಡಕ್ಕಾಗತ್ತೇನ್ರೀ?”

“ಅದು ಕಿಲುಬಲ್ಲ ಕಣೇ, ಚರಿತ್ರೆ!”

ಆಕೆ ವಿಚಲಿತರಾಗಲಿಲ್ಲ. ಬುಡ್ಡಿಯನ್ನು ತಲೆಕೆಳಗಾಗಿ ಹಿಡಿದು, ತಳವನ್ನು ಸೆರಗಿನ ಅಂಚಿನಿಂದ ಒರೆಸಿ ತೋರಿಸಿದರು. ಇದುವರೆಗೆ ಭೂತಗನ್ನಡಿಗೂ ಸಿಕ್ಕದಿದ್ದ ಸಣ್ಣ ಅಕ್ಷರಗಳು ಅಲ್ಲಿ ಅಚ್ಚುಕಟ್ಟಾಗಿ ಎದ್ದು ಕಾಣುತ್ತಿದ್ದವು.

“ಅಕ್ಷರ ಎಲ್ಲಿ ಹೋಯ್ತು? ಹುಣಸೆಹಣ್ಣು ಕೊಳೆ ತೆಗೆಯತ್ತೆ, ಹೆಸರು ತೆಗೆಯಲ್ಲ. ಅತ್ತೆಯವರ ಕೊಳಗಕ್ಕೆ ಎಷ್ಟು ಸಲ ಕಲಾಯಿ ಹಾಕಿಸಿಲ್ಲ? ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅವರ ಹೆಸರು ಹಾಗೇ ಇದೆ. ಪಾತ್ರೆ ಅಂಗಡಿಯವನು ಮಷೀನಿಗೆ ಹಿಡಿದು ಹೊಸದರ ಹಾಗೆ ಮಾಡಿಕೊಡ್ತೀನಿ ಅಂದಾಗ ನಾನೇ ಬೇಡ ಅಂದೆ. ಹೆಸರು ಸವೆದ ಮೇಲೆ ಅದು ಅತ್ತೆಯವರ ಕೊಳಗ ಹೇಗಾಗತ್ತೆ? ಅಂಗಡಿಯ ಕೊಳಗ ಅಷ್ಟೆ.”

ಎರಡು ದಿನ ಭೂತಗನ್ನಡಿ ಹಿಡಿದು, ಒಂದು ಗಂಟೆಯ ಉಪನ್ಯಾಸದಲ್ಲಿ ಮೇಷ್ಟ್ರು ಹೇಳಲು ಹೆಣಗಿದ್ದನ್ನು, ಆ ಸಾಧ್ವಿ ಒಂದು ಹರಿವಾಣ ಒಣಗುವುದರೊಳಗೆ ಹೇಳಿ ಒಳಗೆ ಹೋದರು. ಕಲಾಯಿಯೇ ಸೈನ್ಯದ ದುರಸ್ತಿ. ಅಂಗಡಿಯ ಮಷೀನೇ ವರ್ತಕನ ದುರಸ್ತಿ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಬರೆದಿಟ್ಟಿದ್ದ ಆರು ಪುಟಗಳ ತೀರ್ಪನ್ನು ಮಡಿಸಿ ಜೇಬಿಗಿಟ್ಟು, ಒಂದು ಕಾರ್ಡಿನಷ್ಟು ಕಾಗದದ ಮೇಲೆ ಹೊಸದಾಗಿ ಬರೆದರು: ‘ಚಿರಂಜೀವಿಗೆ ಆಶೀರ್ವಾದಗಳು. ಹೊಳಪಿಗೆ ಹಣ ಕೊಡಬೇಡ, ಗುರುತಿಗೆ ಕೊಡು. ಮುದ್ರೆ ಸವೆದಿದ್ದರೆ ಅದು ಗುಂಡು ಹಾರಿಸುವ ಯಂತ್ರ ಮಾತ್ರ. ಯಂತ್ರದ ಬೆಲೆಗಿಂತ ಒಂದು ಕಾಸೂ ಹೆಚ್ಚು ಕೊಡಬೇಡ. ನಿನ್ನ ಅತ್ತೆಯ ಅಭಿಪ್ರಾಯವೂ ಇದೇ.’ ಕೊನೆಯ ವಾಕ್ಯದಲ್ಲಿ ‘ಅಭಿಪ್ರಾಯವೂ’ ಎಂಬಲ್ಲಿಯ ‘ಊ’ಕಾರ ಮಾತ್ರ ಚರಿತ್ರೆಗೆ ಸಮ್ಮತವಲ್ಲವೆಂದು ನನ್ನ ನಮ್ರ ಅಭಿಮತ.

ಮಾರನೆಯ ದಿನ ಎಣ್ಣೆಬುಡ್ಡಿಗೆ ಅರಿಶಿನ ಕುಂಕುಮ ಬಿದ್ದವು; ಪಕ್ಕದಲ್ಲಿ ಈಳಿಗೆಮಣೆಗೂ ಬಿದ್ದವು. ತರುವಾಯ ಚುನಾವಣೆ ಘೋಷಣೆಯಾಗಿ, ಪರವಾನಗಿಯುಳ್ಳವರೆಲ್ಲ ತಮ್ಮ ಬಂದೂಕುಗಳನ್ನು ಠಾಣೆಗೆ ಒಪ್ಪಿಸತಕ್ಕದ್ದೆಂಬ ಆಜ್ಞೆ ಹೊರಟಾಗ, ಸುತ್ತಲ ಹಳ್ಳಿಗಳ ಬಂದೂಕಿನ ಒಡೆಯರು ರಸೀತಿಗಾಗಿ ಸಾಲಿನಲ್ಲಿ ನಿಂತರು. ಬಂದೂಕು ಮೇಷ್ಟ್ರು ಮಾತ್ರ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು.