ಒಂದೂವರೆ ಸುತ್ತಿನ ಸುಖ

ಒಳ್ಳೆಯ ಪೆನ್ನಿನ ಮಾತು ಬಂದರೆ ಎಲ್ಲರೂ ನಿಬ್ಬನ್ನೇ ಹೊಗಳುತ್ತಾರೆ. ಕ್ಯಾಪಿನ ಸುದ್ದಿ ಯಾರೂ ಎತ್ತುವುದಿಲ್ಲ. ಆದರೆ ಫೌಂಟನ್ ಪೆನ್ ಇಟ್ಟುಕೊಂಡವನು ಬರೆಯುವುದಕ್ಕಿಂತ ಹೆಚ್ಚಾಗಿ ಕ್ಯಾಪ್ ತೆಗೆದು ಹಾಕುತ್ತಿರುತ್ತಾನೆ. ವಾಕ್ಯ ಹೊಳೆಯದಿದ್ದಾಗಲಂತೂ ಅದೇ ಅವನ ಮುಖ್ಯ ಕಸುಬು. ಹಾಗೆ ನೋಡಿದರೆ ಪೆನ್ನಿನ ಪ್ರಾಣ ಇರುವುದು ಥ್ರೆಡ್ಡಿನಲ್ಲಿ.

ಈ ಜ್ಞಾನ ನನಗೆ ಬಂದದ್ದು ಭಾವನಿಂದ. ಬೆಂಗಳೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಈಗ ಅವರ ಮನೆಯ ಕಾರ್ ಶೆಡ್ಡಿನಲ್ಲಿ ಒಂದು ಹಳೆಯ ಲೇತ್ ಇದೆ, ಕಾರು ಬೀದಿಯಲ್ಲಿದೆ. ಎಬೊನೈಟ್ ಸರಳು ತಂದು ಪೆನ್ನು ತಿರುವುವುದು ಅವರ ಹವ್ಯಾಸ. ಎಬೊನೈಟ್ ಎಂದರೆ ರಬ್ಬರಿಗೆ ಧಾರಾಳವಾಗಿ ಗಂಧಕ ಬೆರೆಸಿ ಬೇಯಿಸಿ ಗಟ್ಟಿ ಮಾಡಿದ ವಸ್ತು. ಲೇತಿಗೆ ಕೊಟ್ಟಾಗ ಆ ಗಂಧಕ ತನ್ನ ಇರವನ್ನು ಇಡೀ ಬೀದಿಗೆ ಸಾರುತ್ತದೆ. ಪಕ್ಕದ ಮನೆಯವರು ಎರಡು ಸಲ ಗ್ಯಾಸ್ ಏಜೆನ್ಸಿಗೆ ಫೋನು ಮಾಡಿದ್ದಾರೆ.

ಪೆನ್ನಿನ ಗೋಡೆ ತೆಳು. ಅದರಲ್ಲಿ ಆಳವಾದ ಥ್ರೆಡ್ ಕೊರೆದರೆ ಗೋಡೆಯೇ ಉಳಿಯುವುದಿಲ್ಲ. ಹಾಗಾಗಿ ಸಣ್ಣ ಪಿಚ್ ಬೇಕು, ಅಂದರೆ ಗೆರೆಯಿಂದ ಗೆರೆಗೆ ಸುಮಾರು 0.8 ಮಿ.ಮೀ. ಆದರೆ ಸಣ್ಣ ಪಿಚ್ಚಿನ ಸಾಮಾನ್ಯ ಥ್ರೆಡ್ ಹಾಕಿದರೆ ಕ್ಯಾಪು ಬಿಚ್ಚಲು ನಾಲ್ಕೈದು ಸುತ್ತು ತಿರುಗಿಸಬೇಕು. ಕೊರಿಯರ್ ಹುಡುಗ ಸಹಿಗಾಗಿ ಬಾಗಿಲಲ್ಲಿ ನಿಂತಿದ್ದಾನೆ, ನೀವು ಇನ್ನೂ ಮೂರನೆಯ ಸುತ್ತಿನಲ್ಲಿದ್ದೀರಿ. ಇದಕ್ಕೆ ಉಪಾಯ ಟ್ರಿಪಲ್ ಸ್ಟಾರ್ಟ್ ಥ್ರೆಡ್: ಒಂದೇ ಗೆರೆಯ ಬದಲು ಮೂರು ಗೆರೆಗಳು ಒಂದರ ಪಕ್ಕ ಒಂದು ಸುತ್ತಿಕೊಂಡು ಏರುತ್ತವೆ. ಆಳ 0.8ರದ್ದೇ, ಆದರೆ ಒಂದು ಸುತ್ತಿಗೆ ಕ್ಯಾಪು 2.4 ಮಿ.ಮೀ. ಮುಂದೆ ಹೋಗುತ್ತದೆ. ಒಂದೂವರೆ ಸುತ್ತಿಗೆ ಕ್ಯಾಪು ಕೈಗೆ ಬರುತ್ತದೆ.

ಇದನ್ನು ಒಳಗೆ ಕೊರೆಯುವ ಟ್ಯಾಪು, ಹೊರಗೆ ಕೊರೆಯುವ ಡೈ ಸಾಮಾನ್ಯ ಅಂಗಡಿಗಳಲ್ಲಿ ಸಿಗುವುದಿಲ್ಲ. ಭಾವನ ಜೊತೆ ನಾನೂ ಎಸ್.ಜೆ.ಪಿ. ರಸ್ತೆಗೆ ಹೋಗಿದ್ದೆ. ‘ಹದಿಮೂರು ಎಂ.ಎಂ., ಪಾಯಿಂಟ್ ಎಂಟು ಪಿಚ್ಚು, ಟ್ರಿಪಲ್ ಸ್ಟಾರ್ಟ್’ ಅಂದರೆ ಅಂಗಡಿಯವರು ಮೊದಲು ಟೀ ತರಿಸಿದರು. ಆಮೇಲೆ ಕೇಳಿದರು: ‘ಯಾವ ಗಾಡೀದು ಸಾರ್?’ ಪೆನ್ನಿಗೆ ಅಂದ ಕೂಡಲೇ ಅವರ ಮುಖದಲ್ಲಿ ಮೂಡಿದ ಅನುಕಂಪ ನನ್ನ ಪಾಲಿಗೂ ಸ್ವಲ್ಪ ಬಂತು. ಪೆನ್ನು ಮಾಡುವವರಿಗೆಂದೇ ಇಂಥ ಟ್ಯಾಪು ಮಾಡಿಕೊಡುವವರು ಹೊರದೇಶಗಳಲ್ಲಿದ್ದಾರೆ. ತರಿಸಿಕೊಳ್ಳಬಹುದಲ್ಲ ಎಂದೆ. ‘ಟ್ಯಾಪು ಕೊಂಡು ತಂದರೆ ಅರ್ಧ ಪೆನ್ನು ಕೊಂಡು ತಂದ ಹಾಗೆ ಕಣಯ್ಯ’ ಎಂದರು ಭಾವ.

ಈ ಹಟಕ್ಕೆ ನಮ್ಮಲ್ಲಿ ಹಿರಿಯ ಪರಂಪರೆಯೇ ಇದೆ. ರಾಜಮಹೇಂದ್ರಿಯ ಅಕ್ಕಸಾಲಿ ಕೆ.ವಿ. ರತ್ನಂ ಸ್ವದೇಶಿಯ ಕಾಲದಲ್ಲಿ ಪೆನ್ನಿನ ಕೆಲಸಕ್ಕೆ ಇಳಿದರು. ಗಾಂಧೀಜಿಯ ಒಡನಾಡಿ ಜೆ.ಸಿ. ಕುಮಾರಪ್ಪನವರ ಮೂಲಕ ತಲುಪಿದ ಅವರ ಪೆನ್ನಿಗೆ ಕೃತಜ್ಞತೆ ಹೇಳಿ 1935ರಲ್ಲಿ ಗಾಂಧೀಜಿ ವಾರ್ಧಾದಿಂದ ಕಾಗದ ಬರೆದರು. ಪೆನ್ನು ಸ್ವದೇಶಿ, ಸರಿ. ಅದನ್ನು ಮಾಡಿದ ಉಪಕರಣ? ಆ ಉಪಕರಣವನ್ನು ಮಾಡಿದ ಉಪಕರಣ? ಹೀಗೆ ಕೇಳುತ್ತ ಹೋದರೆ ಯಾವ ದೇಶಭಕ್ತನಿಗೂ ನಿದ್ದೆ ಬರಲಾರದು. ಭಾವನಿಗೆ ಬರಲಿಲ್ಲ; ಟ್ಯಾಪನ್ನೂ ತಾವೇ ಮಾಡಹೊರಟರು.

ಅವರ ಲೇತ್ ಹರಿಹರದ್ದು, ಮೈಸೂರು ಕಿರ್ಲೋಸ್ಕರ್. ಅದರಲ್ಲಿ ಟೂಲನ್ನು ಮುಂದೆ ಸಾಗಿಸುವ ಲೀಡ್‌ಸ್ಕ್ರೂ ಇಂಚಿನ ಲೆಕ್ಕದ್ದು. ಪೆನ್ನಿಗೆ ಬೇಕಾದದ್ದು ಮಿಲಿಮೀಟರ್. ಇವೆರಡಕ್ಕೂ ಸಂಧಾನ ಮಾಡಿಸಲು 127 ಹಲ್ಲಿನ ಒಂದು ಗೇರು ಬೇಕು. ಇಂಚಿಗೆ 25.4 ಮಿ.ಮೀ., ಅದನ್ನು ಐದರಿಂದ ಗುಣಿಸಿದರೆ 127. ಅದು ಅವಿಭಾಜ್ಯ ಸಂಖ್ಯೆ. ಚಿಕ್ಕ ಗೇರುಗಳನ್ನು ಜೋಡಿಸಿ ಅದನ್ನು ಸರಿಯಾಗಿ ಹೊಂದಿಸಲು ಬರುವುದಿಲ್ಲ. ಗುಜರಿಯಲ್ಲಿ ಆ ಗೇರು ಸಿಕ್ಕ ದಿನ ಭಾವ ಮೈಸೂರ್ ಪಾಕ್ ತಂದರು. ಅಕ್ಕ ಯಾಕೆ ಎಂದು ಕೇಳಲಿಲ್ಲ. ಕೇಳಿದರೆ ಉತ್ತರ ಹೇಳುತ್ತಾರೆಂಬ ಭಯ.

ಆಮೇಲಿನದು ತಪಸ್ಸು. ಓ.ಎಚ್.ಎನ್.ಎಸ್. ಉಕ್ಕಿನ ಸರಳನ್ನು ಚಕ್ಕಿಗೆ ಕಚ್ಚಿಸಿ ಮೊದಲ ಗೆರೆ ಕೊರೆದರು. ಲೀಡ್‌ಸ್ಕ್ರೂ ಹಿಡಿದಿರುವ ಹಾಫ್ ನಟ್ ಬಿಡುವ ಹಾಗಿಲ್ಲ, ಬಿಟ್ಟರೆ ದಾರಿ ತಪ್ಪುತ್ತದೆ. ಪ್ರತಿ ಸಲವೂ ಮೋಟಾರನ್ನೇ ಹಿಂದಕ್ಕೆ ತಿರುಗಿಸಿ ಮೊದಲಿನ ಜಾಗಕ್ಕೆ ಬರಬೇಕು. ಒಂದು ಗೆರೆ ಮುಗಿದ ಮೇಲೆ ಟೂಲನ್ನು 0.8 ಮಿ.ಮೀ. ಸರಿಸಿ ಎರಡನೆಯದು, ಮತ್ತೆ ಅಷ್ಟೇ ಸರಿಸಿ ಮೂರನೆಯದು. ಆಗ ಅವರ ಹತ್ತಿರ ಮಾತಾಡುವಂತಿಲ್ಲ, ಕೆಮ್ಮುವಂತೆಯೂ ಇಲ್ಲ. ಬಳಿಕ ಅರ ಹಿಡಿದು ಉದ್ದಕ್ಕೆ ನಾಲ್ಕು ಕಾಲುವೆ ಮಾಡಿ ಹಲ್ಲು ಬಿಡಿಸಿದರು, ತುದಿಯನ್ನು ತುಸು ಇಳಿಜಾರಾಗಿಸಿದರು. ಎಬೊನೈಟಿಗೆ ಇಷ್ಟೇ ಸಾಕು, ಅದು ಮೆತ್ತಗಿನ ಜೀವ. ಆದರೆ ಈ ಟ್ಯಾಪು ಉಕ್ಕಿನ ಡೈಯನ್ನೂ ಕೊರೆಯಬೇಕು, ಹಾಗಾಗಿ ಹದ ಹಾಕಲೇಬೇಕು. ಕೆಂಪಗೆ ಕಾಯಿಸಿ, ಅಯಸ್ಕಾಂತ ಹಿಡಿಯುವುದನ್ನು ಬಿಟ್ಟ ಮೇಲೂ ಇನ್ನಷ್ಟು ಕಾಯಿಸಿ, ಎಣ್ಣೆಯಲ್ಲಿ ಅದ್ದಬೇಕು. ಅಡುಗೆ ಎಣ್ಣೆಯೂ ಆದೀತು. ಆ ವಾರ ಅಕ್ಕ ಹಪ್ಪಳ ಕರಿಯಲಿಲ್ಲ.

ಹಾಗೇ ಬಿಟ್ಟರೆ ಗಾಜಿನಷ್ಟು ಪೆಡಸು. ಮತ್ತೆ 220 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬಿಸಿ ಮಾಡಿದಾಗ ಉಜ್ಜಿದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಹಬ್ಬುತ್ತದೆ. ಅಲ್ಲಿಗೇ ನಿಲ್ಲಿಸಬೇಕು, ನೀಲಿಗೆ ಹೋದರೆ ಹಲ್ಲು ಮೆತ್ತಗಾಯಿತು. ಹೀಗೆ ಪಕ್ಕಾ ಆದ ಟ್ಯಾಪನ್ನು ಉಕ್ಕಿನ ಬಿಲ್ಲೆಯೊಳಗೆ ಇಳಿಸಿ ಡೈ ಮಾಡಿದರು. ಟ್ಯಾಪು ಕ್ಯಾಪಿನ ಒಳಗೆ, ಡೈ ಪೆನ್ನಿನ ಮೈಮೇಲೆ.

ಡೈಗೆ ತಾಯಿ ಟ್ಯಾಪು. ಟ್ಯಾಪಿಗೆ ತಾಯಿ ಹರಿಹರದ ಲೀಡ್‌ಸ್ಕ್ರೂ. ಅದನ್ನು ಕೊರೆದದ್ದು ಇನ್ನೊಂದು ಲೇತಿನ ಲೀಡ್‌ಸ್ಕ್ರೂ. ಸಂಧ್ಯಾವಂದನೆಯಲ್ಲಿ ಪ್ರವರ ಹೇಳುವಂತೆ ಹಿಂದೆ ಹಿಂದೆ ಹೋದರೆ 1800ರ ಆಸುಪಾಸಿನ ಲಂಡನ್ನಿನ ಹೆನ್ರಿ ಮಾಡ್ಸ್ಲೆ ಸಿಗುತ್ತಾನೆ. ಅವನಿಗೆ ನಕಲು ಮಾಡಲು ನೆಚ್ಚಿಕೊಳ್ಳುವಂಥ ಸ್ಕ್ರೂ ಇರಲಿಲ್ಲ. ಓರೆಯಾಗಿ ನಿಲ್ಲಿಸಿದ ಅಲಗನ್ನು ತಿರುಗುವ ಉರುಳೆಗೆ ಒತ್ತಿ, ಗೆರೆಯನ್ನು ಅವನೇ ಹುಟ್ಟಿಸಿಕೊಂಡ. ಅವನ ಕೈಕೆಳಗೆ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ 1841ರಲ್ಲಿ, ಒಂದೊಂದು ಕಾರ್ಖಾನೆಗೆ ಒಂದೊಂದು ಥ್ರೆಡ್ ಸಾಕು, ಎಲ್ಲರಿಗೂ ಒಂದೇ ಇರಲಿ ಎಂದು 55 ಡಿಗ್ರಿ ಕೋನದ ಪದ್ಧತಿ ಮುಂದಿಟ್ಟ. ಥ್ರೆಡ್ಡಿಗೊಂದು ಮಾನಕ ಬೇಕೆಂಬ ಮಾತನ್ನು ಜಗತ್ತು ಒಪ್ಪಿತು, ಪೆನ್ನಿನವರ ಕಿವಿಗೆ ಮಾತ್ರ ಅದಿನ್ನೂ ಬಿದ್ದಿಲ್ಲ. ಒಂದು ಕಂಪನಿಯ ಕ್ಯಾಪು ಇನ್ನೊಂದಕ್ಕೆ ಕೂರದು. ಜರ್ಮನಿಯ ಬಾಕ್ ನಿಬ್ಬಿಗೆ ಮಾಡಿದ ಗೂಡಿನಲ್ಲಿ ಅದೇ ದೇಶದ ಯೋವೋ ನಿಬ್ಬು ನೆಲೆ ನಿಲ್ಲದು. ನನಗಂತೂ ಈ ಅರಾಜಕತೆ ಇಷ್ಟ. ಎಲ್ಲ ಕ್ಯಾಪೂ ಎಲ್ಲ ಪೆನ್ನಿಗೂ ಕೂರುವ ಹಾಗಿದ್ದರೆ ಆಫೀಸುಗಳಲ್ಲಿ ಯಾರ ಪೆನ್ನೂ ಯಾರ ಹತ್ತಿರವೂ ಉಳಿಯುತ್ತಿರಲಿಲ್ಲ.

ಪೆನ್ನು ಆಯಿತು. ಭಾವ ಅದರಲ್ಲಿ ‘ಶ್ರೀ’ ಎಂದು ಬರೆದು, ಒಂದೂವರೆ ಸುತ್ತಿಗೆ ಕ್ಯಾಪು ಮುಚ್ಚಿ, ಮತ್ತೆ ತೆಗೆದು, ಮತ್ತೆ ಮುಚ್ಚಿದರು. ಮುಂದಕ್ಕೆ ಬರೆಯಲು ಅವರಿಗೆ ಏನೂ ಇರಲಿಲ್ಲ. ಆಗಲೇ ನಿಬ್ಬಿನ ಗೂಡಿಗೆ ಬೇಕಾದ ಅರ್ಧ ಮಿ.ಮೀ. ಪಿಚ್ಚಿನ ಟ್ಯಾಪಿನ ಲೆಕ್ಕ ತಲೆಯಲ್ಲಿ ಓಡುತ್ತಿತ್ತು.

ಹೊತ್ತು ನೋಡಿ ಅಕ್ಕ ಕೇಳಿದಳು: ‘ರೀ, ಬಚ್ಚಲ ನಲ್ಲಿ ಥ್ರೆಡ್ ಸವೆದು ಸೋರ್ತಿದೆ. ಇಷ್ಟೆಲ್ಲ ಮಾಡ್ತೀರಲ್ಲ, ಅದೊಂದು ಸರಿ ಮಾಡಿಕೊಡಿ.’

‘ಅದು ಬಿ.ಎಸ್.ಪಿ. ಥ್ರೆಡ್ಡು ಕಣೆ, ವಿಟ್‌ವರ್ತಂದೇ ಐವತ್ತೈದು ಡಿಗ್ರಿ’ ಎಂದರು ಭಾವ, ತಲೆಯೆತ್ತದೆ. ‘ಅದರ ಸಾಮಾನು ಅಂಗಡೀಲೇ ಸಿಗುತ್ತೆ. ಪ್ಲಂಬರ್‌ಗೆ ಫೋನ್ ಮಾಡು.’