ಒಂದು ಮಾತು ಹೇಳಿರ್ತೀನಿ

ಹೊಸಪೇಟೆಯಲ್ಲಿ ಕೆಲಸ ಹುಡುಕುವ ಹುಡುಗರಿಗೆಲ್ಲ ಒಬ್ಬ ಮಾಮ ಇರುತ್ತಾನೆ. ರಕ್ತಸಂಬಂಧವೇನೂ ಬೇಕಿಲ್ಲ, ಕೈಯಲ್ಲಿ ಬಯೋಡೇಟಾ ಇದ್ದರೆ ಸಾಕು, ನೀವು ಅಳಿಯ. ಬೆಳಗ್ಗೆ ಒಗ್ಗರಣೆ-ಮಿರ್ಚಿ ಬಂಡಿಯ ಮುಂದೆ ನಿಂತು, ನಿಮ್ಮ ಅಂಕಪಟ್ಟಿಯ ಮೇಲೆ ಎಣ್ಣೆಗೈ ಊರಿ, "ಆತು ಬಿಡು ತಮ್ಮಾ, ಒಂದು ಮಾತು ಹೇಳಿರ್ತೀನಿ" ಅನ್ನುತ್ತಾನೆ. ಯಾರಿಗೆ ಅಂತ ಕೇಳಬಾರದು. ಕೇಳಿದರೆ, "ಮ್ಯಾಲಿನವರಿಗೆ."

1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದಾಗ ಈತನ ತಂದೆ ಆ ಜನಜಂಗುಳಿಯಲ್ಲಿದ್ದರಂತೆ. ಕಾರ್ಖಾನೆ ಎದ್ದದ್ದು ತೊಂಬತ್ತರ ದಶಕದಲ್ಲಿ, ಅದೂ ಜಿಂದಾಲರ ಕೈಯಲ್ಲಿ. ಆದರೂ ಮಾಮನಿಗೆ ಅದು ಮನೆ ಆಸ್ತಿ. ಫೋನಿನಲ್ಲಿ "ಜಿಂದಾಲ್ ಸಾರ್", "ದೋಣಿಮಲೈ ಸಾರ್" ಎಂಬ ಹೆಸರುಗಳಿವೆ. ಮೊದಲನೆಯವರು ಶಿಫ್ಟ್ ಬಸ್ಸಿನ ಡ್ರೈವರು. ಎರಡನೆಯವರು ದೋಣಿಮಲೈ ಗಣಿಯಿಂದ ರಿಟೈರಾಗಿ ಕಂಪ್ಲಿಯಲ್ಲಿ ಭತ್ತ ಬೆಳೆಯುತ್ತಿದ್ದಾರೆ.

ನಾನೂ ಆ ಅಳಿಯಂದಿರಲ್ಲಿ ಒಬ್ಬ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಒಂದು ಕಂಪನಿಯ ಇಂಟರ್‌ವ್ಯೂಗೆ ಹೊರಟಾಗ ಮಾಮ ಕೊಟ್ಟ ತರಬೇತಿ ಇಷ್ಟೇ: "ಜೇಬಿನ್ಯಾಗ ಐವತ್ತರ ಹೊಸ ನೋಟು ಇಟ್ಕೋ. ಹೊಸಪೇಟಿ ಅಂದಕೂಡ್ಲೇ ಹಂಪಿ ಕೇಳ್ತಾರ. ನೋಟಿನ ಹಿಂದ ಕಲ್ಲಿನ ರಥ ಐತಿ, ತೋರಿಸಿಬಿಡು." ನಕ್ಕೆ. ಒಳಗೆ ಮೂವರು ಕೂತಿದ್ದರು. ನಡುವಿನವರು ನನ್ನ ವಿಳಾಸ ನೋಡಿದವರೇ ಕನ್ನಡಕ ತೆಗೆದು, "ಆ ಸಪ್ತಸ್ವರ ಕಂಬ ಈಗ ಬಡಿಯೋಕೆ ಬಿಡ್ತಾರೇನ್ರಿ?" ಎಂದರು. ಪಕ್ಕದವರಿಗೆ ಡ್ಯಾಮಿನ ಗೇಟು ಯಾವಾಗ ತೆಗೆಯುತ್ತಾರೆ, ಹೆಂಡತಿ ಮಕ್ಕಳನ್ನು ಕರೆತರಬೇಕು ಎಂಬ ಚಿಂತೆ. ಬೇರಿಂಗು, ಗೇರುಗಳೆಲ್ಲ ನನ್ನ ಹೊಟ್ಟೆಯಲ್ಲೇ ಉಳಿದವು. ಕೆಲಸ ಸಿಗಲಿಲ್ಲ. ಮೂವರಿದ್ದರು ಎಂದು ನಾನೇ ಹೇಳಿದ ಮೇಲೆ ಮಾಮ ತೊಡೆ ತಟ್ಟಿಕೊಂಡ: "ನೋಡಿದ್ಯಾ? ನಾನು ಹೇಳಿದ್ದು ಮೂರನೇ ಅವರಿಗೆ. ನಡುವಿನಾತ ಅವರಿಗೆ ಬಾಯಿ ಬಿಡಗೊಡ್ಲಿಲ್ಲ."

ದುಡ್ಡು ಮುಟ್ಟುವ ದಲ್ಲಾಳಿಗಳ ಸಾಲಿಗೆ ಇವನನ್ನು ಸೇರಿಸಬೇಡಿ. ಮಿರ್ಚಿ, ಚಹಾ, ಹೆಚ್ಚೆಂದರೆ ಬೈಕಿಗೆ ಪೆಟ್ರೋಲು. (ಆ ಐವತ್ತರ ನೋಟನ್ನು ಮಾತ್ರ ವಾಪಸು ಇಸಿದುಕೊಂಡ. ಅದು ನನ್ನದೇ ನೋಟಾಗಿತ್ತು.) 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಸಂಡೂರಿನ ಲಾರಿಗಳು ಸಾಲಾಗಿ ನಿಂತವು, ಕ್ಲೀನರುಗಳು, ತೂಕದ ಕಾಟಾದ ಹುಡುಗರು ಬೀದಿಗೆ ಬಿದ್ದರು. ಮಾಮನ ಬಂಡಿಯ ಮುಂದೆ ಜನ ಹೆಚ್ಚಿದ್ದು ಆಗಲೇ. ಬೇರೆ ಯಾರೂ ಅವರ ಅರ್ಜಿಯನ್ನು ಕೈಯಲ್ಲಿ ಹಿಡಿದು ಪೂರ್ತಿ ಓದುತ್ತಿರಲಿಲ್ಲ; ಮಾಮ ಓದುತ್ತಿದ್ದ.

2016ರ ಜನವರಿಯಿಂದ ಕೇಂದ್ರ ಸರ್ಕಾರ ಕೆಳಹಂತದ ಹುದ್ದೆಗಳಿಗೆ ಇಂಟರ್‌ವ್ಯೂವನ್ನೇ ತೆಗೆದುಹಾಕಿತು. ಇನ್ನು ಮಾಮನ ಕಥೆ ಮುಗಿಯಿತು ಅಂದುಕೊಂಡೆವು. ಕಂಪ್ಲಿಯ ಹುಡುಗನೊಬ್ಬ ರಾತ್ರಿಯೆಲ್ಲ ಓದಿ, ಬರೀ ಪರೀಕ್ಷೆಯ ಅಂಕದಲ್ಲೇ ರೈಲ್ವೆ ಸೇರಿದ. ಅವನ ತಾಯಿ ಒಂದು ಚೀಲ ಸೋನಾಮಸೂರಿ ಹೊರಿಸಿಕೊಂಡು ಮಾಮನ ಮನೆಗೇ ಬಂದರು.

"ಅಲ್ಲ ಮಾಮಾ, ಅವನ ಪೇಪರು ತಿದ್ದಿದ್ದು ಕಂಪ್ಯೂಟರಲ್ವಾ?" ಎಂದೆ.

ಮಾಮ ಚೀಲದ ಬಾಯಿ ಬಿಚ್ಚಿ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದ.

"ಆ ಕಂಪ್ಯೂಟರು ಕೊಟ್ಟೋರು ಯಾರು ಅನ್ಕೊಂಡಿ?"