ಕಿರುನಾದಾಗ ಏನೈತಿ?

ಬೆಂಗಳೂರಿನ ನೆಂಟರು ನಮ್ಮ ಕಡೆ ಬರುವ ಮೊದಲು ಫೋನಿನಲ್ಲಿ ಕೇಳುವ ಪ್ರಶ್ನೆ ಒಂದೇ: ‘ಬಾಗಲಕೋಟೆಯಲ್ಲಿ ನೋಡೋಕೆ ಏನಿದೆ?’ ನಾವೂ ತಡವರಿಸದೆ ಉತ್ತರ ಕೊಡುತ್ತೇವೆ. ಬಾದಾಮಿ ಇದೆ, ಐಹೊಳೆ ಇದೆ, ಪಟ್ಟದಕಲ್ಲು ಇದೆ, ಕೂಡಲಸಂಗಮ ಇದೆ. ಇವುಗಳಲ್ಲಿ ಒಂದೂ ಬಾಗಲಕೋಟೆಯೊಳಗಿಲ್ಲ ಎನ್ನುವುದು ಕೇಳಿದವರಿಗೂ ಹೊಳೆಯುವುದಿಲ್ಲ, ಹೇಳಿದ ನಮಗೂ ಸಂಕೋಚವಾಗುವುದಿಲ್ಲ. ಬಂದವರು ಇಲ್ಲಿ ಲಾಡ್ಜ್ ಹಿಡಿದು, ಎಣ್ಣಿಗಾಯಿ-ರೊಟ್ಟಿ ಉಂಡು, ಎಸಿ ಹಾಕಿಕೊಂಡು ಮಲಗಿ, ಮರುದಿನ ನಸುಕಿನಲ್ಲೇ ಎದ್ದು ಬೇರೆ ಊರು ನೋಡಲು ಹೋಗುತ್ತಾರೆ. ಸಂಜೆ ಬಂದು ‘ಬಾಗಲಕೋಟೆ ಚೆನ್ನಾಗಿದೆ’ ಎಂದು ಹೇಳಿ ಹೋಗುತ್ತಾರೆ.

ಆದ್ದರಿಂದ ಸ್ಟಾಕ್‌ಹೋಮಿನಲ್ಲಿರುವ ಮಗಳು ಫೋನ್ ಮಾಡಿ, ‘ಅಪ್ಪಾ, ಈ ಸಲ ನೀವು ಬಂದಾಗ ಪ್ಯಾರಿಸ್ಸಿಗೆ ಹೋಗೂನೋ, ಕಿರುನಾಕ್ಕ ಹೋಗೂನೋ? ನೀವ ಹೇಳ್ರಿ’ ಎಂದಾಗ ನನ್ನ ಬಾಯಿಂದ ಬಂದದ್ದೂ ಅದೇ ಪ್ರಶ್ನೆ. ‘ಕಿರುನಾದಾಗ ನೋಡಾಕ ಏನೈತಿ?’

ಪ್ಯಾರಿಸ್ಸಿನ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ. ಅಲ್ಲಿ ಏನಿದೆ ಎಂಬುದು ಕ್ಯಾಲೆಂಡರಿನಲ್ಲೂ ಬಿಸ್ಕೀಟಿನ ಡಬ್ಬಿಯ ಮೇಲೂ ಅಚ್ಚಾಗಿದೆ. ಕಿರುನಾ ಹಾಗಲ್ಲ. ನಕ್ಷೆಯಲ್ಲಿ ಸ್ವೀಡನ್ನಿನ ಮೇಲಕ್ಕೆ ಬೆರಳು ಸರಿಸುತ್ತ ಹೋದರೆ, ಇನ್ನೇನು ದೇಶ ಮುಗಿಯಿತು ಎನ್ನುವಾಗ ಸಿಗುತ್ತದೆ. ಆರ್ಕ್‌ಟಿಕ್ ವೃತ್ತ ದಾಟಿ ಸುಮಾರು 145 ಕಿಲೋಮೀಟರ್ ಉತ್ತರಕ್ಕೆ. ಕಿರುನಾ ತಾಲ್ಲೂಕು (ಹಾಗೆನ್ನೋಣ) ನಮ್ಮ ಇಡೀ ಜಿಲ್ಲೆಯ ಮೂರು ಪಟ್ಟು ಇದೆಯಂತೆ. ಜನ ಮಾತ್ರ ಇಪ್ಪತ್ತೆರಡು ಸಾವಿರದ ಆಸುಪಾಸು. ನಮ್ಮಲ್ಲಿ ಒಂದು ಜಾತ್ರೆಗೆ ಅಷ್ಟು ಜನ ಸೇರಿದರೆ ‘ಈ ವರ್ಷ ಜಾತ್ರೆ ಸಪ್ಪಗಾತು’ ಎನ್ನುತ್ತಾರೆ.

ಅಳಿಯ ಒಂದು ಪ್ರವಾಸಿ ಮಾಹಿತಿ ಕಳಿಸಿದ. ಕಿರುನಾದಿಂದ ಯುಕಾಸ್‌ಯಾರ್ವಿಗೆ ಹೋಗಿ ಮಂಜಿನ ಹೋಟೆಲ್ ನೋಡಬಹುದು. ಕಿರುನಾದಿಂದ ಅಬಿಸ್ಕೋಗೆ ಹೋಗಿ ಆಕಾಶದ ಬೆಳಕು ನೋಡಬಹುದು. ಕಿರುನಾದಿಂದ ಹೊರಟು ಸ್ವೀಡನ್ನಿನ ಅತಿ ಎತ್ತರದ ಪರ್ವತ ಕೆಬ್‌ನೆಕೈಸೆ ಹತ್ತಬಹುದು. ಕಿರುನಾದಿಂದ, ಕಿರುನಾದಿಂದ, ಕಿರುನಾದಿಂದ. ಓದುತ್ತ ಓದುತ್ತ ನನಗೆ ಗುರುತು ಹತ್ತಿತು. ಇದು ಬಾಗಲಕೋಟೆ.

ಆದರೂ ಟಿಕೇಟಿನ ರೊಕ್ಕದ ಮಾತು. ಗುರುತು ಹತ್ತಿತೆಂದು ಹೊರಟುಬಿಡಲಾಗುವುದಿಲ್ಲ. ನಾನು, ನನ್ನ ಹೆಂಡತಿ ಕೂತು ವಿಚಾರ ಮಾಡಿದೆವು. ವಿಚಾರ ಮಾಡುವುದೆಂದರೆ ನಮ್ಮ ಮನೆಯಲ್ಲಿ ನಾನು ಓದಿ ಹೇಳುವುದು, ಆಕೆ ತೀರ್ಪು ಕೊಡುವುದು.

ಮೊದಲು ಯಾವಾಗ ಹೋಗುವುದೆಂಬ ಪ್ರಶ್ನೆ. ಡಿಸೆಂಬರಿನ ನಡುವಿನಿಂದ ಹೊಸ ವರ್ಷದವರೆಗೆ ಅಲ್ಲಿ ಸೂರ್ಯ ಮೂಡುವುದೇ ಇಲ್ಲ. ಮೇ ಕೊನೆಯಿಂದ ಜುಲೈ ನಡುವಿನವರೆಗೆ ಮುಳುಗುವುದೇ ಇಲ್ಲ. ‘ಹಂಗಾದ್ರ ದೇವರ ಮುಂದ ದೀಪ ಹಚ್ಚೂದು ಯಾವಾಗ?’ ಎಂದಳು. ಗಡಿಯಾರ ನೋಡಿ ಎಂದೆ. ‘ಸಂಕಷ್ಟಿಗೆ? ಚಂದ್ರನ್ನೂ ಗಡಿಯಾರದಾಗ ನೋಡೂದೇನು?’ ಮಗಳಿಗೆ ಫೋನ್ ಹಚ್ಚಿದೆ. ಅಷ್ಟು ದೊಡ್ಡ ಕಂಪನಿಯಲ್ಲಿ ಕೆಲಸ ಮಾಡುವವಳು, ಕೇಳಿ ಹೇಳ್ತೀನಿ ಎಂದಳು. ಯಾರನ್ನು ಕೇಳುತ್ತಾಳೋ! ಇನ್ನೂ ಹೇಳಿಲ್ಲ.

ಚಳಿಯ ಲೆಕ್ಕ ಇನ್ನೂ ಘನವಾದದ್ದು. ಜನವರಿಯಲ್ಲಿ ಮೈನಸ್ 30 ಆದರೂ ಅಲ್ಲಿನವರು ಹೌಹಾರುವುದಿಲ್ಲ. ನಮ್ಮ ಮೇ ತಿಂಗಳು ದಯೆ ತೋರಿದರೆ 40. ನಡುವೆ ಎಪ್ಪತ್ತು ಡಿಗ್ರಿ. ಈ ವಯಸ್ಸಿನಲ್ಲಿ ಎಪ್ಪತ್ತು ಮೆಟ್ಟಿಲು ಇಳಿಯುವುದಕ್ಕೇ ನಾವು ಯೋಚನೆ ಮಾಡುತ್ತೇವೆ.

ಮಂಜಿನ ಹೋಟೆಲಿನ ಸಂಗತಿ ಓದಿದೆ. ಊರಿಂದ ಹದಿನೇಳು ಕಿಲೋಮೀಟರ್ ದೂರದಲ್ಲಿ ಟೋರ್ನೆ ಎಂಬ ನದಿ. ಅದರ ಹೆಪ್ಪುಗಟ್ಟಿದ ನೀರನ್ನು ಗಟ್ಟಿ ಗಟ್ಟಿಯಾಗಿ ಕೊಯ್ದು ಪ್ರತಿ ಚಳಿಗಾಲ ಹೊಸದಾಗಿ ಹೋಟೆಲ್ ಕಟ್ಟುತ್ತಾರೆ. ಮಂಚವೂ ಮಂಜಿನದೇ. ಮೇಲೆ ಹಿಮಸಾರಂಗದ ಚರ್ಮ ಹಾಸಿರುತ್ತಾರೆ. ಕೋಣೆಯೊಳಗೆ ಮೈನಸ್ ಐದೋ ಎಂಟೋ. ವಸಂತ ಬಂದಾಗ ಹಾಗೆ ಕಟ್ಟಿದ್ದು ಕರಗಿ ಮತ್ತೆ ನದಿ ಸೇರುತ್ತದೆ. 1990ರ ಆಸುಪಾಸಿನಿಂದ ಇದೇ ನಡೆದಿದೆ. ಹೆಂಡತಿ ಎಲ್ಲ ಕೇಳಿ, ‘ಅಂದ್ರ ವರ್ಷಾ ಮುಳುಗಡಿ ಆಗೂ ಮನಿ ಅನ್ರಿ. ಅದಕ್ಕ ನಾವು ಸ್ವೀಡನ್ನಿಗೆ ಹೋಗಬೇಕೇನು?’ ಎಂದಳು. ಅದನ್ನು ಹೊಡೆದುಹಾಕಿದೆ.

ಉಳಿದದ್ದು ಆಕಾಶದ ಬೆಳಕು. ಸೂರ್ಯನಿಂದ ಹೊರಟ ಕಣಗಳು ಭೂಮಿಯ ಧ್ರುವಗಳ ಕಡೆ ಸೆಳೆಯಲ್ಪಟ್ಟು, ಮೇಲಿನ ಗಾಳಿಗೆ ಬಡಿದು ಬೆಳಗುತ್ತವೆ. ನೂರು ಕಿಲೋಮೀಟರಿಗಿಂತ ಎತ್ತರದಲ್ಲಿ ಆಮ್ಲಜನಕ ಕೊಡುವ ಹಸಿರು ಅದು, ಎಂದು ಮೇಷ್ಟ್ರ ಹಾಗೆ ವಿವರಿಸಿದೆ. ಮೋಡವಿದ್ದರೆ ಕಾಣುವುದಿಲ್ಲ ಎಂಬುದನ್ನೂ, ಬೆಳಕು ಮಂದವಿದ್ದರೆ ಬರಿಗಣ್ಣಿಗೆ ಬೂದಿ ಬಣ್ಣವಾಗಿ ಕಂಡು ಫೋನಿನ ಕ್ಯಾಮೆರಾಕ್ಕಷ್ಟೇ ಹಸಿರು ಸಿಗುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಸೇರಿಸಿದೆ.

‘ಹಂಗಾದ್ರ ಫೋನಷ್ಟ ಕಳಿಸೂನು’ ಎಂದಳು.

ಇಲ್ಲಿಗೆ ಕಿರುನಾ ಮುಗಿದು ಪ್ಯಾರಿಸ್ ಗೆದ್ದಿತ್ತು. ಆದರೆ ಆ ಮಾಹಿತಿಯ ಕೊನೆಯ ಪುಟದಲ್ಲಿ, ‘ಗಮನಿಸಿ’ ಎಂಬಷ್ಟು ಸಣ್ಣ ಅಕ್ಷರದಲ್ಲಿ, ಊರಿನ ಕೇಂದ್ರ ಈಗ ಮೂರು ಕಿಲೋಮೀಟರ್ ಪೂರ್ವಕ್ಕೆ ಸರಿದಿದೆ, ಹಳೆಯ ನಕ್ಷೆ ನಂಬಬೇಡಿ ಎಂದಿತ್ತು. ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

ಸಂಗತಿ ಏನೆಂದರೆ, ಕಿರುನಾ ಹುಟ್ಟಿದ್ದೇ ಕಬ್ಬಿಣದ ಅದಿರಿಗಾಗಿ. ಯಾಲ್ಮಾರ್ ಲುಂಡ್‌ಬೂಮ್ ಎಂಬ ಭೂವಿಜ್ಞಾನಿ ಗಣಿ ಕಂಪನಿಯ ಮೊದಲ ಮ್ಯಾನೇಜರ್. 1900ರಲ್ಲಿ ಊರು ಕಟ್ಟಿಸಿದವನೂ ಅವನೇ. ಅದಿರು ನಾಲ್ಕು ಕಿಲೋಮೀಟರ್ ಉದ್ದದ ಒಂದು ಹಲಗೆಯಂತೆ ನೆಲದೊಳಗೆ ಓರೆಯಾಗಿ ಇಳಿದಿದೆ. ಓರೆಯಾದದ್ದು ಯಾವ ಕಡೆಗೆ? ಊರಿನ ಅಡಿಗೆ! ಮೇಲಿನದು ಮುಗಿದಂತೆ ಕೆಳಗೆ ಇಳಿಯುತ್ತಾರೆ, ಅದಿರು ತೆಗೆದ ಜಾಗಕ್ಕೆ ಮೇಲಿನ ಬಂಡೆ ಕುಸಿಯುತ್ತದೆ, ಕುಸಿದಂತೆಲ್ಲ ಬಿರುಕು ಊರಿನತ್ತ ಹರಿದು ಬರುತ್ತದೆ. ಈಗ ಗಣಿಯ ಮುಖ್ಯ ಹಂತ 1,365 ಮೀಟರಿನಲ್ಲಿದೆ. ಜನ ಗಾಢನಿದ್ರೆಯಲ್ಲಿರುವ ರಾತ್ರಿ ಒಂದೂವರೆಯ ಹೊತ್ತಿಗೆ ಕೆಳಗೆ ಮದ್ದು ಸಿಡಿಸುತ್ತಾರೆ. ಮಂಚ ಸಣ್ಣಗೆ ನಡುಗಿದರೆ ಅಲ್ಲಿನವರು ಮಗ್ಗುಲು ಬದಲಿಸುತ್ತಾರೆ ಅಷ್ಟೆ. 2004ರಲ್ಲಿ ಕಂಪನಿ ಊರಿನ ಆಡಳಿತಕ್ಕೆ ತಿಳಿಸಿತು: ನಮ್ಮ ಗಣಿ ಮುಂದುವರಿಯಬೇಕಾದರೆ ನಿಮ್ಮ ಊರು ಸರಿಯಬೇಕು.

‘ಮುಳುಗಡಿ!’ ಎಂದಳು ಹೆಂಡತಿ. ನೀರಿಲ್ಲದ ಮುಳುಗಡೆ.

ಇನ್ನು ನಮಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಆಲಮಟ್ಟಿಯ ಹಿನ್ನೀರು ಘಟಪ್ರಭೆಗುಂಟ ಏರಿ ಬಂದಾಗ ನಮ್ಮ ಮನೆಯೂ ಹೋಯಿತು. ನಾವು ನವನಗರದ ಸೆಕ್ಟರಿನವರಾದೆವು. ಮೊದಲು ಇಂಥವರ ಮನೆಯ ಪಕ್ಕ, ಇಂಥ ಗುಡಿಯ ಹಿಂದೆ ಎಂದು ವಿಳಾಸ ಹೇಳುತ್ತಿದ್ದವರು ನಂಬರ್ ಹೇಳಲು ಕಲಿತೆವು. ಹಳೆಯ ಮನೆಯ ಸಾಗವಾನಿ ತಲಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ತಂದಿದ್ದೆ. ಹೊಸ ಮನೆಯ ಗೋಡೆಗೆ ಅದು ದೊಡ್ಡದಾಗಿ, ಬಾಗಿಲಿಗೆ ತಕ್ಕಂತೆ ಮನೆಯ ನಕ್ಷೆಯನ್ನೇ ತಿದ್ದಿಸಬೇಕಾಯಿತು. ಇಂದಿಗೂ ನಮ್ಮ ಮನೆಗೆ ಬಂದವರು ಬಾಗಿಲು ನೋಡಿ ದೊಡ್ಡ ವಾಡೆ ಎಂದುಕೊಂಡು ಒಳಗೆ ಕಾಲಿಟ್ಟು ಗೋಡೆಗೆ ಡಿಕ್ಕಿ ಹೊಡೆಯುತ್ತಾರೆ. ಹೋಳಿ ಬಂದರೆ ಮಾತ್ರ ಎಲ್ಲ ಸೆಕ್ಟರಿನವರೂ ಬಣ್ಣಕ್ಕೆ ಹಳೆ ಬಾಗಲಕೋಟೆಗೇ ಓಡುತ್ತೇವೆ. ಸೆಕ್ಟರಿನಲ್ಲಿ ಆಡಿದ ಬಣ್ಣ ತೊಳೆದರೆ ಹೋಗುತ್ತದೆ ಎಂದು ನನ್ನ ಹೆಂಡತಿಯ ದೂರು.

ನಾನು ಬಾಗಿಲು ತಂದೆ. ಕಿರುನಾದವರು ಚರ್ಚನ್ನೇ ತಂದರು. 1912ರಲ್ಲಿ ಕಟ್ಟಿದ ಕೆಂಪು ಬಣ್ಣದ ಕಟ್ಟಿಗೆಯ ಚರ್ಚು, 672 ಟನ್ ತೂಕ. ಬಿಚ್ಚದೆ, ಮುರಿಯದೆ, ಹಾಗೆಯೇ ಎತ್ತಿ ಚಕ್ರದ ಗಾಡಿಗಳ ಮೇಲೆ ಕೂರಿಸಿದರು. ಅದು ಹಾಯಲೆಂದು ರಸ್ತೆಯನ್ನೇ ಅಗಲ ಮಾಡಿದರು. 2025ರ ಆಗಸ್ಟ್ 19 ಮತ್ತು 20ರಂದು ಐದು ಕಿಲೋಮೀಟರ್ ಸಾಗಿಸಿದರು. ವೇಗ ಗಂಟೆಗೆ ಅರ್ಧ ಕಿಲೋಮೀಟರ್. ಟಿವಿಯಲ್ಲಿ ನೇರಪ್ರಸಾರ, ನೋಡಲು ಸ್ವತಃ ಮಹಾರಾಜರು ಹಾಜರು. ಆ ವಿಡಿಯೊ ಹಾಕಿದೆ. ಮಂಡಿನೋವಿನ ನಾನೂ ಜೊತೆಗೆ ನಡೆಯಬಹುದಾದ ಏಕೈಕ ಮೆರವಣಿಗೆ ಅದು. ಹೆಂಡತಿ ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆತು ನೋಡಿದಳು. ‘ದೇವರು ಒಳಗ ಇದ್ದಾನೇನ್ರಿ?’ ಗರ್ಭಗುಡಿಯಂಥ ಜಾಗದ ಚಿತ್ರಪಟ, ಸಾವಿರಾರು ಕೊಳವೆಯ ಆರ್ಗನ್ ವಾದ್ಯ, ಎಲ್ಲವನ್ನೂ ಸುತ್ತಿ ಒಳಗೇ ಇಟ್ಟಿದ್ದರು ಎಂದೆ. ‘ಛಲೋ ಮಾಡ್ಯಾರ’ ಎಂದಳು. ಆ ಬಾಯಿಂದ ಇಂಥ ಸರ್ಟಿಫಿಕೇಟು ಸುಲಭಕ್ಕೆ ಸಿಗುವುದಲ್ಲ. ಹಾಲು ಉಕ್ಕಿತ್ತು.

ಎಲ್ಲವನ್ನೂ ಹೀಗೆ ಹೊತ್ತು ತಂದಿಲ್ಲ, ಅದೂ ನಿಜ. ಹಳೆಯ ಪುರಭವನವನ್ನು ಕೆಡವಿ ಅದರ ಗಡಿಯಾರದ ಗೋಪುರವನ್ನಷ್ಟೇ ತಂದು ಹೊಸದರ ಪಕ್ಕ ನಿಲ್ಲಿಸಿದ್ದಾರೆ. ರೈಲು 2013ರಿಂದ ಊರ ಹೊರಗಿನ ‘ತಾತ್ಕಾಲಿಕ’ ನಿಲ್ದಾಣಕ್ಕೆ ಬರತೊಡಗಿತು. ಆ ಪದದ ಆಯುಷ್ಯ ಎಷ್ಟೆಂದು ನಮ್ಮ ಕಡೆಯವರಿಗೆ ಗೊತ್ತಿದೆ. ಆ ನೆಲದಲ್ಲಿ ಎಲ್ಲರಿಗಿಂತ ಮೊದಲಿನಿಂದ ಹಿಮಸಾರಂಗ ಮೇಯಿಸಿಕೊಂಡಿರುವ ಸಾಮಿ ಜನರ ತಕರಾರು ಬೇರೆಯೇ ಇದೆ. ಹತ್ತಿರದಲ್ಲೇ ಇನ್ನೊಂದು ದೊಡ್ಡ ನಿಕ್ಷೇಪ ಸಿಕ್ಕಿದೆಯೆಂದು 2023ರಲ್ಲಿ ಘೋಷಿಸಿದರಲ್ಲ, ಅದನ್ನೂ ಅಗೆದರೆ ಅವರ ಮಂದೆಗಳ ದಾರಿಯೇ ಕಡಿದುಹೋಗುತ್ತದೆ. ಊರು ಸರಿಯುವುದೂ ಮುಗಿದಿಲ್ಲ, ಇನ್ನೂ ಸಾವಿರಾರು ಜನ ಏಳಬೇಕಾಗಿದೆಯಂತೆ. ನಮ್ಮಲ್ಲೂ ಆಲಮಟ್ಟಿಯ ನೀರನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ನಡೆದೇ ಇದೆ. ದಶಮಾಂಶದ ಮುಂದಿನ ಅಂಕಿಯನ್ನೂ ಬಾಯಿಪಾಠ ಹೇಳುವ ಜನ ಜಗತ್ತಿನಲ್ಲಿ ಎರಡೇ ಊರಿನಲ್ಲಿರಬಹುದು.

ಕೊನೆಗೆ ಆಕೆ ಕೇಳಬೇಕಾದ ಪ್ರಶ್ನೆ ಕೇಳಿದಳು. ‘ಪರಿಹಾರ ಏನ್ ಕೊಟ್ರಂತ?’

ಮನೆಗೆ ಬದಲಾಗಿ ಹೊಸ ಮನೆ, ಇಲ್ಲವೇ ಮಾರುಕಟ್ಟೆ ಬೆಲೆ ಮತ್ತು ಅದರ ಮೇಲೆ 25 ಪರ್ಸೆಂಟ್.

‘ಬರೇ ಇಪ್ಪತ್ತೈದ? ನಮಗ ಮೂವತ್ತು ಇತ್ತಲ್ರಿ!’

ಇತ್ತು. ಹಳೆಯ ಭೂಸ್ವಾಧೀನ ಕಾಯ್ದೆಯಲ್ಲಿ 1984ರ ತಿದ್ದುಪಡಿಯ ನಂತರ ಸೊಲೇಶಿಯಂ 30 ಪರ್ಸೆಂಟ್. ಆದರೆ ಎಷ್ಟರ ಮೇಲೆ ಮೂವತ್ತು ಎಂಬುದಕ್ಕಾಗಿ ನಮ್ಮ ಓಣಿಯ ಅರ್ಧ ಜನ ಕೋರ್ಟಿಗೆ ಅಲೆದು ಮುದುಕರಾದರು. ಹೆಂಡತಿಗೆ ಅದನ್ನು ನೆನಪಿಸುವ ಅಗತ್ಯವಿರಲಿಲ್ಲ. ಫೈಲು ಇಟ್ಟ ಟ್ರಂಕಿನ ಮೇಲೆಯೇ ಕೂತಿದ್ದಳು.

ರಾತ್ರಿ ಅಳಿಯನ ಪಟ್ಟಿಗೆ ತಿದ್ದುಪಡಿ ಕಳಿಸಿದೆ. ಮಂಜಿನ ಹೋಟೆಲ್ ಬೇಡ. ನಾಯಿ ಎಳೆಯುವ ಗಾಡಿ ಬೇಡ. ಪರ್ವತ ದೂರದಿಂದ ಕಂಡರೆ ಸಾಕು. ಸ್ಟಾಕ್‌ಹೋಮಿನಿಂದ ರಾತ್ರಿ ರೈಲು ಆಗಬಹುದು, ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಮೈ ಪಳಗಿದೆ. ಹಳೆಯ ಊರಿಗೆ ಬೇಲಿ ಹಾಕಿದ ಜಾಗ, ಚರ್ಚು ಬಂದ ದಾರಿ, ಹೊಸ ಪೇಟೆ, ಗಡಿಯಾರದ ಗೋಪುರ, ಇಷ್ಟಕ್ಕೆ ಎರಡು ದಿನ ಬೇಕು. ಆಕಾಶದ ಬೆಳಕು ತಾನಾಗಿ ಬಂದರೆ ಬೇಡವೆನ್ನುವುದಿಲ್ಲ. ಅಳಿಯ ಕಕ್ಕಾಬಿಕ್ಕಿಯಾದ. ‘ಮಾವಾರ, ಕಿರುನಾಕ್ಕ ಹೋಗಿ ಯಾರೂ ಕಿರುನಾ ನೋಡೂದಿಲ್ರಿ’ ಎಂದು ಬರೆದ. ಅದಕ್ಕಾಗಿಯೇ, ಎಂದು ಉತ್ತರಿಸಿದೆ.

ತಿಂಗಳು ನಿಶ್ಚಯವಾದದ್ದು ಮಾರ್ಚ್. ಹಗಲು-ರಾತ್ರಿ ಎರಡೂ ಇರುತ್ತವೆ, ದೀಪ ಹಚ್ಚಲು ತೊಂದರೆಯಿಲ್ಲ. ಹಿಮಸಾರಂಗದ ಮಾಂಸವೇ ಅಲ್ಲಿನ ಹೆಚ್ಚುಗಾರಿಕೆಯ ಊಟ ಎಂದು ತಿಳಿದ ದಿನದಿಂದ ಮನೆಯಲ್ಲಿ ಖಡಕ್ ರೊಟ್ಟಿ ಬಡಿಯುವ ಸದ್ದು ನಿಂತಿಲ್ಲ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ.

‘ಇಷ್ಟ್ಯಾಕ? ಇರೂದು ಇಬ್ಬರು’ ಎಂದೆ.

‘ಅಲ್ಲಿ ಯಾರರೆ ಮುಳುಗಡಿ ಮಂದಿ ಸಿಕ್ರ ಕೊಡಬೇಕಲ್ರಿ’ ಎಂದಳು, ‘ಸುಮ್ನ ಬರಿಗೈಲೆ ಹೋಗಿ, ನಿಮ್ಮದು ಎಲ್ಲಾ ಕಂತು ಬಂದಾವೇನು ಅಂತ ಕೇಳಾಕಾಗತೈತಿ?’